ಹಾಗಲ ಚಪ್ಪರಕ್ಕೆ ನುಸಿ ಬಿದ್ದ ಬೇಸಿಗೆ

ನನ್ನದು ಹೊಡೆಯುವ ಕೈ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ನನ್ನನ್ನು ಸಾಧು ಹೆಂಗಸೆಂದು ತಿಳಿದಿದ್ದೆವು ಎನ್ನಬಾರದು. ಸಣ್ಣವಳಿದ್ದಾಗ ತಮ್ಮನಿಗೆ ಹೊಡೆದೆ. ಮದುವೆಯಾಗಿ ಬಂದಮೇಲೆ ಬೇಲಿ ಹಾರುವ ದನಕ್ಕೆ ಹೊಡೆದೆ. ಮಗ ಹುಟ್ಟಿದಮೇಲೆ ಮಗನಿಗೆ ಹೊಡೆದೆ. ಗಂಡನಿಗೆ ಮಾತ್ರ ಹೊಡೆಯಲಿಲ್ಲ, ಅವರೆದುರು ಪಾತ್ರೆ ಕುಕ್ಕುತ್ತಿದ್ದೆ. ಅವರು ತೀರಿಕೊಂಡು ಆರು ವರ್ಷವಾಯಿತು. ಮಗನ ಮೀಸೆಯಲ್ಲಿ ಬಿಳಿ ಕೂದಲು ಬಂತು. ಹೊಡೆಯಲು ಉಳಿದದ್ದು ಹಿತ್ತಲೊಂದೇ.

ಹಿತ್ತಲು ಎಂದು ಕರೆದರೂ ಅದು ಮನೆಯ ಹಿಂದೆ ಇಲ್ಲ, ಬಗಲಿಗಿದೆ. ನಮ್ಮ ಮನೆ ಯಲ್ಲಾಪುರದ ಪೇಟೆಗೆ ಸ್ವಲ್ಪ ಈಚೆ, ಹೆದ್ದಾರಿಯ ಅಂಚಿನಲ್ಲೇ. ಬೇಲಿಯ ಆಚೆ ಲಾರಿ, ಈಚೆ ಬದನೆ ಗಿಡ. ಬೇಸಿಗೆಯಲ್ಲಿ ಒಂದೊಂದು ಲಾರಿ ಹೋದಾಗಲೂ ಧೂಳು ಎದ್ದು, ನಿಧಾನಕ್ಕೆ ನಮ್ಮ ಎಲೆಗಳ ಮೇಲೆ ಕೂತುಕೊಳ್ಳುತ್ತದೆ. ಬೇಲಿಯ ಬುಡಕ್ಕೆ ಬದನೆ, ಆಮೇಲೆ ಒಂದು ಮಡಿ ಹರಿವೆ, ಅದರಾಚೆ ಅಲಸಂದೆ, ಕೊನೆಯಲ್ಲಿ ಬಾವಿಯ ಪಕ್ಕ ಹಾಗಲದ ಚಪ್ಪರ. ಹಾಗಲ ನನ್ನ ಹೆಮ್ಮೆ. ಗೇಣುದ್ದದ ಹಸಿರು ಕಾಯಿ, ಬೀಜ ಹೊರಗಿನಿಂದ ತಂದದ್ದಲ್ಲ, ನಾನೇ ವರ್ಷವೂ ಹಣ್ಣಿಗೆ ಬಿಟ್ಟು ತೆಗೆದಿಟ್ಟದ್ದು.

ಆ ಜಾಗದಲ್ಲಿ ನಾನು ಕೊಂದಷ್ಟು ಜೀವ ಈ ಸೀಮೆಯ ಯಾವ ಬೇಟೆಗಾರನೂ ಕೊಂದಿರಲಿಕ್ಕಿಲ್ಲ. ಬಸವನಹುಳದ ಮೇಲೆ ಉಪ್ಪು ಸುರಿದು, ಅದು ನೊರೆಯಾಗಿ ಕರಗುವವರೆಗೂ ನಿಂತು ನೋಡುತ್ತಿದ್ದೆ. ಬದನೆ ಕೊರೆಯುವ ಹುಳವನ್ನು ಉಗುರಿನಲ್ಲಿ ಎರಡು ತುಂಡು ಮಾಡುತ್ತಿದ್ದೆ. ಕಂಬಳಿಹುಳವನ್ನು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಅರೆಯುತ್ತಿದ್ದೆ. ಮಂಗ ಬಂದರೆ ಪಟಾಕಿ, ಹೆಗ್ಗಣ ಬಂದರೆ ಗುದ್ದಲಿ. ಇದರಲ್ಲೆಲ್ಲ ನನಗೆ ಸುಖವಿತ್ತು. ತರಕಾರಿ ಬೆಳೆಯುವ ಹೆಂಗಸರು ಮೃದು ಮನಸ್ಸಿನವರೆಂದು ಜನ ತಿಳಿದಿರುತ್ತಾರೆ. ಅಂಥವರು ಬೆಳಿಗ್ಗೆ ಏಳು ಗಂಟೆಗೆ ಒಮ್ಮೆ ನಮ್ಮ ಬೇಲಿಯ ಮೇಲಿಂದ ಇಣುಕಬೇಕಿತ್ತು.

ಈ ಕೊಲೆಗೆ ನನಗೊಂದು ಉಡುಪೂ ಇತ್ತು. ಸೀರೆಯ ಮೇಲೆ ಗಂಡನ ಹಳೆಯ ಉದ್ದ ತೋಳಿನ ಅಂಗಿ. ನಮ್ಮ ಕಡೆ ಮಣ್ಣಿನ ಕೆಲಸಕ್ಕೆ ಇಳಿಯುವ ಹೆಂಗಸರೆಲ್ಲ ಹೀಗೆ ಗಂಡನದೋ ಮಗನದೋ ಅಂಗಿ ತೊಟ್ಟೇ ಇಳಿಯುವುದು. ಕೆಲಸ ಮುಗಿದಮೇಲೆ ಅದನ್ನು ಸೌದೆ ಕೊಟ್ಟಿಗೆಯ ಗೂಟಕ್ಕೆ ನೇತುಹಾಕುತ್ತಿದ್ದೆ. ಮರುದಿನ ಮತ್ತೆ ಅದೇ. ಮಣ್ಣಿಗೆ ಹೋಗುವ ಅಂಗಿಗೆ ಸಾಬೂನು ದಂಡ ಎಂದು ಅದನ್ನು ನಾನು ಒಗೆಯುತ್ತಿದ್ದದ್ದೇ ಅಪರೂಪ.

ಈಗ ಸೊಸೆಯ ವಿಷಯ. ನನ್ನ ಮಗ ಪಂಪು ರಿಪೇರಿ ಮಾಡುತ್ತಾನೆ, ಪೇಟೆಯಲ್ಲಿ ಅಂಗಡಿಯಿದೆ. ದುಡಿಯುತ್ತಾನೆ, ಕುಡಿಯುವುದಿಲ್ಲ, ಊರು ಬಿಟ್ಟವನೂ ಅಲ್ಲ. ಅದೇ ಅವನ ತಪ್ಪಾಯಿತು. ನಮ್ಮ ಪೈಕಿ ಊರಲ್ಲೇ ಉಳಿದ ಗಂಡುಗಳಿಗೆ ಈಗ ಹೆಣ್ಣು ಕೊಡುವವರಿಲ್ಲ. ಹನ್ನೊಂದು ವರ್ಷ ಹುಡುಕಿದೆವು. ಜಾತಕ ಹಿಡಿದು ಸಿದ್ದಾಪುರದ ಹೆಗ್ಗರಣೆಯವರೆಗೆ ಹೋಗಿ ಚಹಾ ಕುಡಿದು ಬಂದೆ, ಚಂದಗುಳಿಯ ಗಣಪತಿಗೆ ಎರಡು ಸಲ ಹರಕೆಯ ಗಂಟೆ ಕಟ್ಟಿದೆ. ಕಡೆಗೆ ಹಾವೇರಿ ಕಡೆಯ ಮೆಣಸಿನಕಾಯಿ ಹೊಲವೊಂದಕ್ಕೆ ಪಂಪು ಸರಿ ಮಾಡಲು ಹೋದವನು, ಆ ಹೊಲದ ಮನೆಯ ಮಗಳನ್ನೇ ಮದುವೆಯಾಗುತ್ತೇನೆಂದು ಬಂದು ಹೇಳಿದ. ಅವರು ನಮ್ಮವರಲ್ಲ, ಕೊರಳಲ್ಲಿ ಲಿಂಗ ಕಟ್ಟುವ ಜನ. ನಾನು ಒಂದು ವಾರ ಪಾತ್ರೆ ಕುಕ್ಕಿದೆ, ಆಮೇಲೆ ಹೂಂ ಎಂದೆ. ಮಗನಿಗೆ ಆಗ ಮೂವತ್ತೊಂಬತ್ತು.

ಮದುವೆಯ ದಿನ ಅವಳ ತಾಯಿ ನನ್ನ ಕೈ ಹಿಡಿದುಕೊಂಡು ಒಂದು ಮಾತು ಹೇಳಿದರು. “ನನ್ನ ಮಗಳು ಜಗಳ ಆಡೂದಿಲ್ರಿ ಬೀಗತಿ. ಮನಸಿಗೆ ಹತ್ತಲಿಲ್ಲಂದ್ರ ಎದ್ದು ಬಂದುಬಿಡ್ತಾಳ. ಹಂಗ ಬಂದ್ರ ಹೊಳ್ಳಿ ಹೋಗಾಕಿ ಅಲ್ಲ.” ನಮ್ಮ ನೆಂಟರಲ್ಲೇ ಎರಡು ಮನೆಗೆ ಹಾಗೆ ದೂರದಿಂದ ಬಂದ ಸೊಸೆಯರು ವರ್ಷದೊಳಗೆ ಬಸ್ಸು ಹತ್ತಿ ಹೋಗಿದ್ದರು. ನಮ್ಮ ಮನೆಯೆದುರೇ ಹತ್ತೂವರೆಗೆ ಹುಬ್ಬಳ್ಳಿ ಬಸ್ಸು ನಿಲ್ಲುತ್ತದೆ. ಮದುವೆಯಾದಮೇಲೆ ದಿನಾ ಆ ಹೊತ್ತಿಗೆ, ಬಸ್ಸು ಹೊರಟುಹೋಗುವವರೆಗೂ, ನಾನು ಕಿವಿಗೊಟ್ಟು ಕೂರುತ್ತಿದ್ದೆ.

ಇಷ್ಟು ಹೆದರಿಕೆ ಇದ್ದವಳು ಸುಮ್ಮನಿರಬೇಕಿತ್ತು. ಇರಲಿಲ್ಲ. ಬಂದ ಮೊದಲ ತಿಂಗಳೇ, ಅವಳ ಆ ಮೂರು ದಿನಕ್ಕೆ, ಜಗಲಿಯ ತುದಿಯ ಕೋಣೆ ತೋರಿಸಿದೆ. ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. “ನಮ್ಮನ್ಯಾಗ ಇದು ಇಲ್ರಿ ಅತ್ತೀ” ಎಂದಳು. “ಇಲ್ಲಿ ಇದ್ದು” ಎಂದೆ. ಅವಳು ಗಂಡನ ಮುಖ ನೋಡಿದಳು, ಅವನು ನೆಲ ನೋಡಿದ. ಚಾಪೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ. ಇನ್ನೊಂದು ಮಾತನ್ನೂ ಸೇರಿಸಿದೆ: ಹೊರಗಿದ್ದಾಗ ಹಿತ್ತಲಿಗೆ ಕಾಲಿಡಬಾರದು, ಬಳ್ಳಿಗೆ ಕೈ ತಾಗಿದರೆ ಬಳ್ಳಿ ಸುಟ್ಟುಹೋಗುತ್ತದೆ. ನನ್ನ ಅಜ್ಜಿ ಇದನ್ನು ಹೇಳಿದ್ದರು, ಅತ್ತೆ ಹೇಳಿದ್ದರು, ನಾನೂ ಮೂವತ್ತು ವರ್ಷ ಪಾಲಿಸಿದ್ದೆ. ಸುಟ್ಟ ಬಳ್ಳಿಯನ್ನು ಮಾತ್ರ ನಾನು ಯಾವತ್ತೂ ಕಂಡಿರಲಿಲ್ಲ. ಯಾರೂ ಮುಟ್ಟದೆ ಇದ್ದದ್ದರಿಂದಲೇ ಸುಟ್ಟಿಲ್ಲ ಎಂದು ನನ್ನ ಲೆಕ್ಕಾಚಾರ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಬಿಸಿಲು ಬಾರಿಸತೊಡಗಿತು. ಮೊದಲು ಬದನೆಯ ಎಲೆಯ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಬಿಳಿ ಚುಕ್ಕೆ ಕಂಡವು. ರಸ್ತೆಯ ಧೂಳು ಎಂದುಕೊಂಡೆ. ವಾರದಲ್ಲಿ ಎಲೆ ಹಳದಿಯಾಯಿತು, ಆಮೇಲೆ ತಾಮ್ರದ ಬಣ್ಣಕ್ಕೆ ತಿರುಗಿ ಗರಿಗರಿಯಾಗಿ ಮುದುಡಿತು. ಅಡಿ ನೋಡಿದರೆ ತೆಳ್ಳನೆಯ ಬಲೆ. ಬಲೆ ಎಂದಮೇಲೆ ಜೇಡನದೇ ಅಲ್ಲವೇ? ಅಂದೇ ಪೊರಕೆ ತೆಗೆದುಕೊಂಡು ಹಿತ್ತಲಿನ ಜೇಡಗಳನ್ನೆಲ್ಲ ಹುಡುಕಿ ಹುಡುಕಿ ಬಡಿದೆ. ಬೇಲಿಯ ಸಂದಿಯಲ್ಲಿದ್ದ ದಪ್ಪ ಜೇಡವನ್ನು, ಮೊಟ್ಟೆಯ ಚೀಲ ಹೊತ್ತುಕೊಂಡಿದ್ದದ್ದನ್ನು, ಚಪ್ಪಲಿಯಲ್ಲಿ ತಿಕ್ಕಿದೆ. ಅವು ಏನೂ ಮಾಡಿರಲಿಲ್ಲ. ಅದು ನನಗೆ ಆಮೇಲೆ ಗೊತ್ತಾದದ್ದು.

ರೋಗ ಅಲಸಂದೆಗೆ ಹಾರಿತು. ಬೂದಿ ಶುರುಮಾಡಿದೆ. ಬಚ್ಚಲ ಒಲೆಯ ಬೂದಿಯನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಬೆಳಗಿನ ಇಬ್ಬನಿ ಆರುವ ಮೊದಲು ಎಲೆಗಳ ಮೇಲೆ ಎರಚುವುದು ನಮ್ಮ ಮನೆಗಳ ಹಳೆಯ ಮದ್ದು. ಎಲೆ ತೂತು ಮಾಡುವ ಹುಳಕ್ಕೆ ಅದು ನಡೆಯುತ್ತದೆ. ನಾನು ಎರಚಿದ ರಭಸಕ್ಕೆ ಎಲೆ ಕಾಣದ ಹಾಗೆ ಬೂದಿ ಕೂತಿತು. ಅಂಗಿ, ಕೂದಲು, ಹುಬ್ಬು ಎಲ್ಲ ಬೂದಿ. ಬದನೆಗೆ ಎರಚಿ, ಅಲಸಂದೆಗೆ ಎರಚಿ, ಒಂದೊಂದು ಎಲೆಯನ್ನೂ ಕೈಯಲ್ಲಿ ಮಗುಚಿ ಅಡಿಗೂ ತಿಕ್ಕಿ, ಮುಂಜಾಗ್ರತೆ ಇರಲಿ ಎಂದು ಹಾಗಲಕ್ಕೂ ತಿಕ್ಕಿ ಒಳಗೆ ಬರುತ್ತಿದ್ದೆ. ಸೊಸೆ ಒಂದು ದಿನ ಅಡುಗೆಮನೆಯ ಕಿಟಕಿಯಿಂದ, “ಬೂದಿ ಬ್ಯಾಡ್ರಿ ಅತ್ತೀ, ನೀರು ಹೊಡ್ರಿ” ಎಂದಳು. “ಗಿಡಕ್ಕೆ ಎಂತ ಬೇಕು ಹೇಳಿ ಯಂಗೆ ಗೊತ್ತಿದ್ದು” ಎಂದೆ. ಹಾಗಲಕ್ಕೂ ಚುಕ್ಕೆ ಬಿತ್ತು.

ಮಗ ನನ್ನ ಕೂಗಾಟ ತಾಳಲಾರದೆ ಅಂಗಡಿಯ ಪಕ್ಕದವರಿಂದ ಒಂದು ಬಾಟಲಿ ತಂದ. “ಎಲ್ಲಾ ಹುಳಕ್ಕೂ ಆಗ್ತಡ ಆಯಿ” ಎಂದ. ಕೈಪಂಪಿನಲ್ಲಿ ಅವನೇ ಹೊಡೆದ. ಮರುದಿನ ಬೆಳಿಗ್ಗೆ ಹೋದರೆ ನೆಲದ ತುಂಬ ಹೆಣ. ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಯ ಗುಲಗಂಜಿಯಂಥ ಹುಳ, ಕಾಳಿನಷ್ಟು ಸಣ್ಣ ಕಪ್ಪು ಹುಳ, ಉಳಿದ ಒಂದೆರಡು ಜೇಡ, ಎರಡು ಜೇನುನೊಣ. ನಾನು ಸೊಂಟಕ್ಕೆ ಕೈಯಿಟ್ಟು ನಿಂತು ನಕ್ಕೆ. ಸಾಯಲಿ, ಎಲ್ಲ ಸಾಯಲಿ ಎಂದು ಬಾಯಿಬಿಟ್ಟು ಹೇಳಿದೆ. ಹತ್ತು ದಿನದಲ್ಲಿ ಚಪ್ಪರದ ಅರ್ಧಕ್ಕರ್ಧ ಕಂದಿಹೋಯಿತು. ತುದಿಗಳಿಗೆಲ್ಲ ಬಲೆ ಸುತ್ತಿಕೊಂಡು, ಎಳೆಯ ಕಾಯಿಗಳು ನನ್ನ ಕಿರುಬೆರಳಿನಷ್ಟಾಗಿ ಅಲ್ಲೇ ಒಣಗಿದವು. ನನಗೆ ಅಳು ಬರಲಿಲ್ಲ. ಯಾರನ್ನಾದರೂ ಹಿಡಿದು ಬಡಿಯಬೇಕು ಎನ್ನಿಸಿತು.

ಅಂಥ ಹೊತ್ತಿನಲ್ಲಿ ಸೊಸೆ ಹೊರಗಿನ ಕೋಣೆ ಸೇರಿದ್ದಳು. ಅದು ಅವಳ ಮೂರನೆಯ ದಿನ. ಮಗ ಅಂಗಡಿಗೆ ಹೋಗಿಯಾಗಿತ್ತು. ನಾನು ಅಂಗಿ ಹಾಕಿಕೊಂಡು, ಒಣಗಿದ ಎಲೆ ಉದುರಿಸಲು ಬಿದಿರಿನ ಕೋಲೊಂದನ್ನು ಹಿಡಿದು ಇಳಿದೆ. ನೋಡುತ್ತೇನೆ, ಚಪ್ಪರದ ಕೆಳಗೆ ಅವಳು ನಿಂತಿದ್ದಾಳೆ. ಬಲಗೈಯಲ್ಲಿ ಹಾಗಲದ ಕುಡಿಯನ್ನು ಹಿಡಿದು, ಎಲೆ ಮಗುಚಿ, ಕಣ್ಣಿನ ಹತ್ತಿರ ತಂದು ನೋಡುತ್ತಿದ್ದಾಳೆ.

ಒಂದು ತಿಂಗಳಿನಿಂದ ಹುಡುಕುತ್ತಿದ್ದ ಕಳ್ಳ ಕೈಗೆ ಸಿಕ್ಕ ಹಾಗಾಯಿತು. ಎಲ್ಲ ತಾಳೆಯಾಯಿತು. ಹೋದ ತಿಂಗಳೂ ಹೀಗೇ ಬಂದಿರಬೇಕು, ಅದಕ್ಕೇ ಬದನೆ ಹೋಯಿತು, ಅಲಸಂದೆ ಹೋಯಿತು. “ಎಂತ ಮಾಡ್ತಾ ಇದ್ದೆ ಅಲ್ಲಿ? ಹೊರಗಿದ್ದವು ಬಳ್ಳಿ ಮುಟ್ಲಾಗ ಹೇಳಿ ಗೊತ್ತಿಲ್ಯಾ ನಿಂಗೆ?” ಎಂದು ಕಿರುಚಿಕೊಂಡೇ ಓಡಿದೆ. ಅವಳು ಕುಡಿ ಬಿಡದೆ ತಿರುಗಿ, “ಅತ್ತೀ, ಇಲ್ಲಿ ನೋಡ್ರಿ” ಎಂದಳು. ನಾನು ನೋಡಲಿಲ್ಲ. ಹೊಡೆದೆ. ಬಳ್ಳಿ ಹಿಡಿದ ಆ ಕೈಗೇ ಗುರಿಯಿಟ್ಟು, ಎರಡೂ ಕೈಯಲ್ಲಿ ಕೋಲೆತ್ತಿ ಹೊಡೆದೆ. ಹಸಿ ಕಡ್ಡಿ ಮುರಿದಂಥ ಸಣ್ಣ ಸದ್ದಾಯಿತು. ಮುರಿದದ್ದು ಕೋಲು ಅಲ್ಲ ಎಂದು ಕಣ್ಣಿಗೆ ಕಾಣುತ್ತಿತ್ತು. ಆದರೂ ಮತ್ತೆ ಎತ್ತಿದೆ.

ಎರಡನೆಯ ಏಟನ್ನು ಅವಳು ಎಡಗೈಯಲ್ಲಿ ಹಿಡಿದುಕೊಂಡಳು. ಹೊಲದಲ್ಲಿ ದುಡಿದ ಕೈ. ಒಂದೇ ಎಳೆತಕ್ಕೆ ಕೋಲು ಅವಳದಾಯಿತು, ನಾನು ಮೊಣಕಾಲೂರಿ ಅಲಸಂದೆಯ ಸಾಲಿನಲ್ಲಿ ಬಿದ್ದೆ. ಅವಳು ನನ್ನ ಮೇಲೆ ಕೋಲು ಹಿಡಿದು ನಿಂತಳು. ಆಗ ನಾನು ಪಶ್ಚಾತ್ತಾಪ ಪಟ್ಟೆ, ಹೊಡೆಯಲಿ ಎಂದು ಕಾದೆ ಎಂದೆಲ್ಲ ಈಗ ಬರೆದರೆ ಸುಳ್ಳಾಗುತ್ತದೆ. ನಾನು ಹೆದರಿದೆ. ತಲೆಯ ಮೇಲೆ ಎರಡೂ ಕೈ ಹೊತ್ತು ಮುದುಡಿಕೊಂಡೆ. ಅವಳು ಹೊಡೆಯಲಿಲ್ಲ. ಕೋಲನ್ನು ಬೇಲಿಯ ಮೇಲಿಂದ ರಸ್ತೆಗೆ ಎಸೆದಳು. ಮರದ ದಿಮ್ಮಿ ಹೊತ್ತ ಲಾರಿಯೊಂದು ಅದರ ಮೇಲೆ ಹರಿದುಹೋದದ್ದು ಕೇಳಿಸಿತು.

ಅವಳು ಮನೆಯೊಳಗೆ ಹೋದಳು. ಹೊರಗಿನ ಕೋಣೆಗಲ್ಲ, ನೇರ ಅಡುಗೆಮನೆಗೆ. ಬಟ್ಟೆ ತುಂಬಿಕೊಳ್ಳುತ್ತಾಳೆ, ಹತ್ತೂವರೆಗೆ ಹೋಗುತ್ತಾಳೆ ಎಂದುಕೊಂಡೆ. ಆಗ ಒಂಬತ್ತೂ ಆಗಿರಲಿಲ್ಲ. ಹನ್ನೊಂದು ವರ್ಷ ಹುಡುಕಿದ್ದನ್ನು ಒಂದು ಗಳಿಗೆಯಲ್ಲಿ ಒಡೆದು ಹಾಕಿದೆ ಎಂದು ಗೊತ್ತಾಗಿ, ಅಲ್ಲೇ ಕೂತಿದ್ದೆ.

ಅವಳು ಹೊರಗೆ ಬಂದಳು. ಬಲಗೈಯನ್ನು ಹೊಟ್ಟೆಗೆ ಅವುಚಿಕೊಂಡಿದ್ದಳು, ಮಣಿಕಟ್ಟು ಆಗಲೇ ಊದಿತ್ತು. ಎಡಗೈಯಲ್ಲಿ ಬಿಳಿ ಪಿಂಗಾಣಿ ತಟ್ಟೆ. ನನ್ನೆದುರು ಕುಕ್ಕರಗಾಲಲ್ಲಿ ಕೂತು, ತಟ್ಟೆಯನ್ನು ನೆಲದಲ್ಲಿಟ್ಟು, ಬದನೆಯ ಒಂದು ಎಲೆ ಕಿತ್ತು ಅದರ ಮೇಲೆ ಕೊಡವಿದಳು. ಬಿಳಿಯ ಮೇಲೆ ಖಾರದ ಪುಡಿಯಂಥದ್ದು ಉದುರಿತು. “ನೋಡ್ರಿ” ಎಂದಳು. ನೋಡಿದೆ. ಖಾರದ ಪುಡಿ ನಡೆಯುತ್ತಿತ್ತು.

“ಕೆಂಪ ನುಸಿ” ಎಂದಳು. “ಜೇಡಲ್ಲ, ಇದು ಕಟ್ಟೂದು ಆ ಬಲಿ. ನಮ್ಮ ಕಡೆ ಬ್ಯಾಸಗ್ಯಾಗ ತರಕಾರಿ ಮಡಿಗೆ ಬೀಳತಾವು. ಎಲಿ ಕೆಳಗ ಕುಂತು ರಸ ಹೀರ್ತಾವು. ಧೂಳಂದ್ರ ಹಬ್ಬ ಇವಕ್ಕ. ಇವನ್ನ ತಿನ್ನೂ ಹುಳಾ ಎಲ್ಲಾ ಆ ಬಾಟ್ಲಿ ಔಷಧಕ್ಕ ಸತ್ತುವು.”

ಹರಿವೆಯ ಎಲೆಯೊಂದನ್ನು ಕೊಡವಿದಳು. ಏನೂ ಬೀಳಲಿಲ್ಲ. ಅಲಸಂದೆಯದು ಕೊಡವಿದಳು, ಬಿತ್ತು. ಹಾಗಲದ್ದು, ಬಿತ್ತು. ಆಮೇಲೆ ನನ್ನ ಮೈಮೇಲಿನ ಅಂಗಿಯನ್ನು ಬಿಚ್ಚಲು ಹೇಳಿದಳು. ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ. ಬಿಚ್ಚಿ ಕೊಟ್ಟೆ. ಅದರ ತೋಳನ್ನು ತಟ್ಟೆಯ ಮೇಲೆ ಹಿಡಿದು ಒಂದೇ ಸಲ ಜಾಡಿಸಿದಳು. ಬೂದಿ ಬಿತ್ತು, ಮಣ್ಣು ಬಿತ್ತು. ಸ್ವಲ್ಪ ಹೊತ್ತಿಗೆ ಆ ಬೂದಿಯೊಳಗಿಂದ ಕೆಂಪು ಕಣಗಳು ಎದ್ದು ತಟ್ಟೆಯ ಅಂಚಿಗೆ ನಡೆಯತೊಡಗಿದವು.

“ಬದನಿಯಾಗ ಮೊದಲ ಬಿದ್ದಿತ್ತು. ನೀವು ದಿನಾ ಅಲ್ಲಿ ಕೈ ಆಡಿಸಿ, ಅದ ಅಂಗಿ ಹಾಕ್ಕೊಂಡು ಅಲಸಂದಿಗೆ ಹೋದ್ರಿ. ಅಲ್ಲಿಂದ ಹಾಗಲಕ್ಕ ಹೋದ್ರಿ. ನಡುವ ಹರಿವಿ ಐತಿ, ಅದನ್ನ ನೀವು ಮುಟ್ಟಲಿಲ್ಲ, ಅದಕ್ಕ ಬರಲಿಲ್ಲ.” ಅವಳ ದನಿ ಏರಲಿಲ್ಲ. “ಯಾರ ಕೈ ತಾಗಿ ಬಳ್ಳಿ ಸುಟ್ಟಿತು, ಈಗ ಹೇಳ್ರಿ.”

ನಾನು ತಟ್ಟೆ ನೋಡುತ್ತ ಕೂತಿದ್ದೆ. ನಾಚಿಕೆಗಿಂತ ಮೊದಲು ನನಗೆ ಬಂದದ್ದು ಅಸಹ್ಯ, ನನ್ನ ಮೈಯ ಬಗ್ಗೆಯೇ. ಕುತ್ತಿಗೆ, ಕಂಕುಳು, ಕೂದಲ ಬುಡ, ಎಲ್ಲ ಕಡೆ ಹರಿದಾಡಿದ ಹಾಗಾಯಿತು. ಬಾವಿಕಟ್ಟೆಗೆ ಹೋಗಿ ಸೀರೆಯ ಮೇಲೇ ಏಳೆಂಟು ಕೊಡ ಸುರಿದುಕೊಂಡೆ. ಚರ್ಮ ಕೆಂಪಾಗುವ ಹಾಗೆ ತೆಂಗಿನ ನಾರಿನಲ್ಲಿ ತಿಕ್ಕಿಕೊಂಡೆ. ಹತ್ತೂವರೆಯ ಬಸ್ಸು ಬಂದು ನಿಂತ ಸದ್ದು ಕೇಳಿತು. ಕೊಡ ಕೈಯಲ್ಲಿ ಹಿಡಿದೇ ಕಾದೆ. ಬಸ್ಸು ಹೊರಟಿತು. ತಿರುಗಿ ನೋಡಿದರೆ ಸೊಸೆ ಹಿತ್ತಲಲ್ಲೇ ಇದ್ದಳು, ಎಡಗೈಯಲ್ಲಿ ಬದನೆ ಗಿಡಗಳನ್ನು ಬೇರುಸಹಿತ ಕೀಳುತ್ತಿದ್ದಳು.

ಹೋಗಿ ನಾನೂ ಕಿತ್ತೆ. ಬದನೆಯ ಸಾಲು ಪೂರ್ತಿ ಕಿತ್ತೆವು, ಅಲಸಂದೆಯ ಮುಕ್ಕಾಲು ಕಿತ್ತೆವು. ಹಾಗಲದ ಕಂದಿದ ಕುಡಿಗಳನ್ನೆಲ್ಲ ಅವಳು ತೋರಿಸಿದಲ್ಲಿ ಕತ್ತಿ ಹಾಕಿ ಕಡಿದೆ. ಕಿತ್ತದ್ದನ್ನು ಎಳೆದಾಡಿದರೆ ನುಸಿ ಉದುರುತ್ತದೆ ಎಂದು ಅಲ್ಲೇ ಗೋಣಿಯಲ್ಲಿ ತುಂಬಿ, ಬೆಂಕಿ ಹಚ್ಚಿದೆವು. ಎಲೆಗಳು ಚಟಪಟ ಸಿಡಿದವು. ಗಂಡನ ಅಂಗಿಯನ್ನೂ ನಾನು ಆ ಬೆಂಕಿಗೆ ಎಸೆದೆ. ಅವಳು ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು.

ಸಂಜೆ ಮಗ ಬಂದಾಗ ಅವಳ ಕೈ ನೀಲಿಯಾಗಿತ್ತು. “ಎಂತ ಆತು?” ಎಂದು ಗಾಬರಿಯಾದ. “ಬಾವಿ ಹಗ್ಗ ಸುತ್ತಿ ಹೊರಳಿತ್ರಿ” ಎಂದಳು, ನನ್ನತ್ತ ನೋಡದೆ. ನನಗೆ ಉಸಿರು ಬಂತು. ಆ ರಾತ್ರಿ ನಾನು ಹೊಟ್ಟೆ ತುಂಬ ಉಂಡೆ ಎಂಬುದನ್ನೂ ಬರೆಯಲೇಬೇಕು.

ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಮಣಿಕಟ್ಟಿನ ಸಣ್ಣ ಎಲುಬು ಸೀಳಿದೆ ಎಂದು ಮೊಣಕೈವರೆಗೂ ಪ್ಲಾಸ್ಟರ್ ಹಾಕಿ ಕಳಿಸಿದರು. ಮನೆಗೆ ಬಂದವನೇ ಸುತ್ತಿಗೆ ತೆಗೆದುಕೊಂಡು ಬಾವಿಕಟ್ಟೆಗೆ ನಡೆದ. ಊರಿಗೆಲ್ಲ ಪಂಪು ಕೂರಿಸುವವನ ಮನೆಯಲ್ಲಿ ಇನ್ನೂ ಕೊಡಪಾನ, ಹಗ್ಗ, ರಾಟೆ. ತನ್ನ ಸೋಮಾರಿತನದಿಂದಲೇ ಅವಳ ಕೈ ಮುರಿಯಿತು ಎಂದು ತನ್ನನ್ನೇ ಬೈದುಕೊಳ್ಳುತ್ತ ರಾಟೆಯ ಮೇಲೆ ಸುತ್ತಿಗೆಯಲ್ಲಿ ಬಡಿದ. ನನ್ನ ಮಗ ಇರುವೆಗೂ ದಾರಿ ಬಿಡುವವನು. ಅವನು ಹಲ್ಲು ಕಚ್ಚಿ, ಎರಡೂ ಕೈಯಲ್ಲಿ ಎತ್ತಿ ಎತ್ತಿ ಬಡಿಯುವುದನ್ನು ನೋಡಿದೆ. ಅದು ನನ್ನ ಹೊಡೆತ. ತೋಳು ಎತ್ತುವ ರೀತಿಯೂ ನನ್ನದೇ.

“ಬಾವಿ ಎಂತದೂ ಮಾಡಿದ್ದಿಲ್ಲೆ,” ಎಂದೆ. “ಆನು ಹೊಡದಿ.”

ಸುತ್ತಿಗೆ ನಿಂತಿತು. ಕೋಲು, ಚಪ್ಪರ, ಎರಡನೆಯ ಏಟು, ಎಲ್ಲ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. “ಹನ್ನೊಂದು ವರ್ಷ, ಆಯಿ” ಎಂದ, ಅಷ್ಟೇ. ಜಗಲಿಗೆ ಹೋಗಿ ಅವಳ ಪಕ್ಕ ನಿಂತು, “ನೀನು ಹೋಗ್ತೆ ಅಂದ್ರೆ ಹೋಗು. ನಾನೂ ಬರ್ತೆ” ಎಂದ. ಅವಳು ಚಪ್ಪರದ ಕಡೆ ತಿರುಗಿ ನೋಡಿದಳು. ಆಮೇಲೆ, “ನುಸಿ ತತ್ತಿ ಅದಾವು. ಇವತ್ತು ಕೊಂದ್ರ ಮೂರು ದಿನಕ್ಕ ಮತ್ತ ಒಡೀತಾವು. ಪೂರ್ತಿ ಮುಗಿಯೂಮಟ ಇರ್ತೀನಿ. ಆಮ್ಯಾಲ ಹೇಳ್ತೀನಿ” ಎಂದಳು.

ಮನೆ ಉಳಿಯುವುದು ಈಗ ನುಸಿಯ ಮೇಲೆ ನಿಂತಿತು. ಅವು ಸತ್ತರೆ ಅವಳು ತನ್ನ ತೀರ್ಮಾನ ಹೇಳುತ್ತಾಳೆ, ಅದು ಏನೋ ಗೊತ್ತಿಲ್ಲ. ಸಾಯದಿದ್ದರೆ ಅವಳು ಉಳಿಯುತ್ತಾಳೆ. ಒಂದೆರಡು ಎಲೆಯಲ್ಲಿ ಹಾಗೇ ಬಿಟ್ಟುಬಿಡೋಣವೇ ಎಂಬ ಯೋಚನೆಯೂ ನನಗೆ ಬಂತು. ಬಿಡಲಿಲ್ಲ. ಒಳ್ಳೆಯತನದಿಂದಲ್ಲ, ಅವುಗಳ ಮೇಲೆ ನನಗಿದ್ದ ದ್ವೇಷ ಅಷ್ಟಿತ್ತು.

ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಕೈಪಂಪಿಗೆ ನೀರು ತುಂಬಿ, ನೆಲದ ಮೇಲೆ ಅಂಗಾತ ಮಲಗಿ, ಚಪ್ಪರದ ಎಲೆಗಳ ಅಡಿಗೆ ನೇರವಾಗಿ ಹೊಡೆದೆ. ನೀರು ನನ್ನ ಕಣ್ಣಿಗೆ, ಬಾಯಿಗೆ ಬೀಳುತ್ತಿತ್ತು. ಬಲೆಗಳು ಹರಿದು, ನುಸಿಗಳು ಕೊಚ್ಚಿ ಬರುವುದನ್ನು ಮಲಗಿದಲ್ಲಿಂದಲೇ ನೋಡಿ ಬೈಯುತ್ತಿದ್ದೆ. ಸಂಜೆ ಬಿಸಿಲು ಇಳಿದಮೇಲೆ ಬೇವಿನ ಎಣ್ಣೆಗೆ ಸಾಬೂನಿನ ನೀರು ಕಲಸಿ ಹೊಡೆಯುವುದು. ಮೊದಲು ಆರೋಗ್ಯದ ಗಿಡ, ಕೊನೆಗೆ ರೋಗದ್ದು, ಆಮೇಲೆ ಉಟ್ಟದ್ದನ್ನು ಬಿಸಿನೀರಿಗೆ ಹಾಕಿ ಕೈ ತೊಳೆಯುವುದು, ಇದು ಅವಳ ಕಟ್ಟಳೆ. ಪ್ಲಾಸ್ಟರಿನ ಕೈಯನ್ನು ಸೆರಗಿನಲ್ಲಿ ತೂಗುಹಾಕಿಕೊಂಡು ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದಳು, ನಾನು ಮಾಡುತ್ತಿದ್ದೆ. ಕಡೆಗೆ ತಟ್ಟೆ ತರುತ್ತಿದ್ದಳು. ಎಲೆ ಕೊಡವುವುದು, ಇಬ್ಬರೂ ಬಗ್ಗಿ ನೋಡುವುದು, ಬಿದ್ದದ್ದನ್ನು ನಾನು ಹೆಬ್ಬೆರಳಲ್ಲಿ ಒರೆಸಿ ಅರೆಯುವುದು. ತಟ್ಟೆಯ ಮೇಲೆ ಕೆಂಪು ಗೀರು ಮೂಡುತ್ತಿತ್ತು. ದಿನದಿಂದ ದಿನಕ್ಕೆ ಗೀರು ಕಡಿಮೆಯಾಯಿತು. ಬೇಲಿಯ ಸಂದಿಯಲ್ಲಿ ಎಲ್ಲಿಂದಲೋ ಬಂದು ಒಂದು ಜೇಡ ಮನೆ ಮಾಡಿತು. ಅದನ್ನು ನಾನು ಮುಟ್ಟಲಿಲ್ಲ.

ನಾಲ್ಕನೆಯ ವಾರದ ಒಂದು ಬೆಳಿಗ್ಗೆ ಮೂರು ಕಡೆಯ ಎಲೆ ಕೊಡವಿದರೂ ತಟ್ಟೆ ಬೆಳ್ಳಗೇ ಉಳಿಯಿತು. ಚಪ್ಪರದ ಗಂಟುಗಳಲ್ಲಿ ಹೊಸ ಚಿಗುರು, ಒಂದು ಚುಕ್ಕೆಯೂ ಇಲ್ಲದ್ದು. ಅವಳು ತಟ್ಟೆ ತೊಳೆಯಲು ಹೋದಳು. ನಾನು ಹಿಂದೆಯೇ ಹೋಗಿ ಅಡುಗೆಮನೆಯಲ್ಲಿ ಕೂತೆ. ಗಡಿಯಾರದಲ್ಲಿ ಒಂಬತ್ತೂಮುಕ್ಕಾಲು.

ಅವಳು ಒಲೆ ಹಚ್ಚಿ ಚಹಾಕ್ಕಿಟ್ಟಳು. ಎಡಗೈಯಲ್ಲೇ ಸೋಸಿ, ನನ್ನ ಲೋಟಕ್ಕೆ ಬಗ್ಗಿಸಿ ಮುಂದಿಟ್ಟು, ಗೋಡೆಯ ಬದಿಗೆ ಕೂತಳು. “ನಾ ಇವತ್ತ ಹೊರಗದೀನ್ರಿ ಅತ್ತೀ” ಎಂದಳು. “ಆದ್ರ ಹೊರಗ ಕೂಡೂದಿಲ್ಲ. ಇನ್ನ ಮ್ಯಾಲ ಎಂದೂ ಕೂಡೂದಿಲ್ಲ. ಇದು ನಿಮಗ ನಡೀತದಂದ್ರ ಕುಡೀರಿ. ಇಲ್ಲಂದ್ರ ಹತ್ತೂವರಿ ಬಸ್ಸೈತಿ.”

ಮಗ ಬಾಗಿಲಲ್ಲಿ ನಿಂತಿದ್ದ. ಈ ಸಲ ನೆಲ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ನಾನು ಲೋಟ ಎತ್ತಿದೆ. ಮೂವತ್ತು ವರ್ಷ ನಾನೇ ಚಾಪೆ ಸುತ್ತಿಕೊಂಡು ಹೊರಗೆ ಹೋಗಿ ಕೂತದ್ದೆಲ್ಲ ನೆನಪಿಗೆ ಬಂತು. ಚಹಾ ಇಳಿಯಲಿಲ್ಲ, ನಾನು ಇಳಿಸಿದೆ. ಪೂರ್ತಿ ಕುಡಿದು ಲೋಟ ಕೆಳಗಿಟ್ಟೆ. ಮಗ ಉಸಿರು ಬಿಟ್ಟದ್ದು ಕೇಳಿತು. ಅವಳೂ ಸಣ್ಣಗೆ ನಕ್ಕಳು, ನಾನು ಹೊಡೆದ ದಿನದ ನಂತರ ಮೊದಲ ಸಲ. “ಬೆಲ್ಲ ಕಡಿಮಿ ಆತೇನ್ರಿ?” ಎಂದಳು.

ಕಡಿಮೆಯಾಗಿತ್ತು. ಬೆಲ್ಲದ ಡಬ್ಬ ಅವಳು ಕೂತಲ್ಲಿ, ತಲೆಯ ಮೇಲಿನ ನಾಗಂದಿಗೆಯಲ್ಲಿತ್ತು. ಸಂತೋಷಕ್ಕೆ ನಾನು ದಡಕ್ಕನೆ ಎದ್ದು ಡಬ್ಬಕ್ಕೆ ಕೈ ಎತ್ತಿದೆ. ಅವಳ ಪ್ಲಾಸ್ಟರಿನ ಕೈ ಚಂಗನೆ ಮೇಲೆದ್ದು ಮುಖಕ್ಕೆ ಅಡ್ಡ ಬಂತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಹೆಗಲು ಕುಗ್ಗಿಸಿ, ಹಾಗೇ ಗೋಡೆಗೆ ಒತ್ತಿಕೊಂಡಳು. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ನನಗೆ ತಿಳಿಯಲಿಲ್ಲ. ಒಲೆಯ ಮೇಲೆ ಉಳಿದ ಚಹಾ ಉಕ್ಕಿ ಹರಿಯಿತು.

ಇದಾಗಿ ವರ್ಷವಾಗುತ್ತ ಬಂತು. ಅವಳು ಇದ್ದಾಳೆ. ಅವಳ ಕೈ ಕೂಡಿದೆ, ಮಳೆಗಾಲದಲ್ಲಿ ಸ್ವಲ್ಪ ನೋಯುತ್ತದಂತೆ. ಜಗಲಿಯ ಕೋಣೆಯಲ್ಲಿ ಈಗ ಮಗನ ಹಳೆಯ ಪಂಪುಗಳಿವೆ. ಹಿತ್ತಲು ಅವಳದು, ಅವಳು ಹೇಳಿದಷ್ಟನ್ನು ನಾನು ಮಾಡುತ್ತೇನೆ. ನಾವು ಜಗಳವಾಡುತ್ತೇವೆ, ನಗುತ್ತೇವೆ, ಒಂದೇ ತಟ್ಟೆಯಲ್ಲಿ ಹಪ್ಪಳ ಮುರಿದು ತಿನ್ನುತ್ತೇವೆ. ಆದರೆ ಅಡುಗೆಮನೆಯಲ್ಲಿ ಮೇಲಿನಿಂದ ಏನನ್ನಾದರೂ ತೆಗೆಯಬೇಕಾದಾಗ ನಾನು ಮೊದಲು ಬಾಯಿಬಿಟ್ಟು ಹೇಳುತ್ತೇನೆ. “ಡಬ್ಬ ತೆಗೀತೆ” ಎನ್ನುತ್ತೇನೆ. ಅವಳು ಹೂಂ ಎಂದಮೇಲೆ ಕೈ ಎತ್ತುತ್ತೇನೆ.